ಒಂದೇ ಜಗ್ಗು, ಬೇರೆ ಬೇರೆ ಖಾತೆ

ಕಾಫಿ ನಾಡಿನಲ್ಲಿ ಕೂತು ಟೀ ಬಗ್ಗೆ ಬರೆದರೆ ನಮ್ಮ ಗೋಣಿಬೀಡಿನ ಗೆಳೆಯರು ಸುಮ್ಮನಿರುತ್ತಾರೆಯೇ? ‘ಬಾಬಾಬುಡನ್‌ಗಿರಿ ಇರುವ ಜಿಲ್ಲೆಯವರು ನೀವು, ಟೀ ಪರ ವಕಾಲತ್ತು ಮಾಡ್ತೀರಾ ಮಾರಾಯ್ರೇ?’ ಎಂದು ಕೇಳಿಯೇ ಕೇಳುತ್ತಾರೆ. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯ ಸಂಸೆಯಲ್ಲಿ ಟೀ ತೋಟವೂ ಇದೆ ಎಂದು ನೆನಪಿಸಿ, ನಾನು ವಿಷಯಕ್ಕೆ ಬರುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡಿನಲ್ಲೂ ಸೆಕೆ. ಮೊಮ್ಮಕ್ಕಳು ರಜೆಗೆ ಬಂದಿರುತ್ತಾರೆ. ಅವರು ಕೇಳುವುದು ಪೇಟೆಯ ಬಾಟಲಿಯ ಐಸ್ ಟೀ. ಅದನ್ನು ಮನೆಯಲ್ಲೇ, ಅದಕ್ಕಿಂತ ರುಚಿಯಾಗಿ ಮಾಡಬಹುದು.

ಐಸ್ ಟೀ ಹುಟ್ಟಿದ್ದು 1904ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದ ವಸ್ತುಪ್ರದರ್ಶನದಲ್ಲಿ ಎಂದು ಒಂದು ಕತೆ ಇದೆ. ಭಾರತದ ಟೀ ಪ್ರಚಾರಕ್ಕೆಂದು ಅಲ್ಲಿದ್ದ ರಿಚರ್ಡ್ ಬ್ಲೆಚಿಂಡೆನ್ ಎಂಬವರ ಬಿಸಿ ಟೀಯನ್ನು ಆ ಸೆಕೆಯಲ್ಲಿ ಯಾರೂ ಕೇಳಲಿಲ್ಲವಂತೆ. ಅವರು ಅದನ್ನೇ ತಣ್ಣಗೆ ಮಾಡಿ ಕೊಟ್ಟಾಗ ಜನ ಮುಗಿಬಿದ್ದರಂತೆ. ಕತೆ ಚೆನ್ನಾಗಿದೆ, ಆದರೆ ತಾರೀಖು ತಾಳೆಯಾಗುವುದಿಲ್ಲ. 1879ರಲ್ಲೇ ವರ್ಜೀನಿಯಾದ ಮ್ಯಾರಿಯನ್ ಕ್ಯಾಬೆಲ್ ಟೈರಿ ಎಂಬಾಕೆ ಹೊರತಂದ ಅಡುಗೆ ಪುಸ್ತಕದಲ್ಲಿ ಐಸ್ ಟೀ ಮಾಡುವ ಕ್ರಮ ಅಚ್ಚಾಗಿತ್ತು. ಅದರಲ್ಲಿ ಸಕ್ಕರೆ ಹಾಕುವುದು ಲೋಟಲೋಟಕ್ಕೆ, ಎರಡೆರಡು ಚಮಚ. ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಟೀ ಬಿಸಿಯಿರುವಾಗಲೇ ಇಡೀ ಜಗ್ಗಿಗೆ ಸಕ್ಕರೆ ಕರಗಿಸುವ ಪದ್ಧತಿ ಮನೆಮಾತಾಯಿತು. ‘ಸ್ವೀಟ್ ಟೀ’ ಎಂದರೆ ಅದೇ.

ನಮ್ಮ ಮನೆಗೆ ಆ ಪದ್ಧತಿ ಹೊಂದುವುದಿಲ್ಲ. ಕಾರಣ, ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ಜಗ್ಗಿಗೇ ಸಕ್ಕರೆ ಬಿದ್ದರೆ ಮನೆಮಂದಿಯೆಲ್ಲ ಜಗಲಿಯಲ್ಲಿ ಕೂತು ಕುಡಿಯುವಾಗ ಆಕೆ, ‘ನಂಗೆ ಬೇಡ, ನೀವು ಕುಡೀರಿ’ ಎಂದು ಒಳಗೆ ಎದ್ದು ಹೋಗಬೇಕು. ಆಕೆಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿದರೂ ಅದು ರೋಗಿಯ ಪಥ್ಯದ ಹಾಗೆ ಕಾಣುತ್ತದೆ. ಸಕ್ಕರೆ ಕಾಯಿಲೆಯವರು ಇಲ್ಲದ ಮನೆ ಈಗ ಎಷ್ಟಿವೆ ಹೇಳಿ? ಅದಕ್ಕೇ ನಮ್ಮ ಕ್ರಮ ಬೇರೆ: ಟೀ ಒಂದೇ ಜಗ್ಗಿನಲ್ಲಿ, ಸಕ್ಕರೆ ಮಾತ್ರ ಅವರವರ ಖಾತೆಗೆ.

ಹಾಗಾದರೆ ತಣ್ಣಗಿನ ಟೀಗೆ ಸಕ್ಕರೆ ಹಾಕಿ ಕಲಕಿದರಾಯಿತಲ್ಲ ಎನ್ನಬೇಡಿ. ತಣ್ಣೀರಿನಲ್ಲೂ ಸಕ್ಕರೆ ಬೇಕಾದಷ್ಟು ಕರಗುತ್ತದೆ, ಆದರೆ ನಿಧಾನ. ಅಷ್ಟರಲ್ಲಿ ಲೋಟ ಖಾಲಿಯಾಗಿ ಅರ್ಧ ಸಕ್ಕರೆ ತಳದಲ್ಲೇ ಉಳಿದಿರುತ್ತದೆ. ಆದ್ದರಿಂದ ಮೊದಲು ಪಾಕ ಮಾಡಿಕೊಳ್ಳಿ. 200 ಗ್ರಾಂ ಸಕ್ಕರೆಗೆ 200 ಮಿಲಿಲೀಟರ್ ನೀರು. ಎಳೆ ಪಾಕ ಬರುವುದೇನೂ ಬೇಡ. ಸಕ್ಕರೆ ಪೂರ್ತಿ ಕರಗಿ ಒಂದು ಕುದಿ ಬಂದರೆ ಸಾಕು. ಆರಿದ ಮೇಲೆ ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಇದರ ಒಂದು ಟೀ ಚಮಚದಲ್ಲಿ, ಎಂದರೆ 5 ಮಿಲಿಲೀಟರಿನಲ್ಲಿ, ಸುಮಾರು 3 ಗ್ರಾಂ ಸಕ್ಕರೆ ಇರುತ್ತದೆ. ಈ ಅಂಕಿ ನೆನಪಿಡಿ.

ಇನ್ನು ಟೀ. ಅರ್ಧ ಲೀಟರ್ ನೀರು ಚೆನ್ನಾಗಿ ಕುದಿಸಿ ಒಲೆ ಆರಿಸಿ. ನಾಲ್ಕು ಟೀ ಚಮಚ ಟೀ ಸೊಪ್ಪು ಹಾಕಿ ಮುಚ್ಚಿಡಿ. ಕಾಳಿನಂಥ ಟೀ ಆದರೆ ನಾಲ್ಕು ನಿಮಿಷ, ಪುಡಿ ಟೀ ಆದರೆ ಮೂರೇ ನಿಮಿಷ. ಹಾಲಿನ ಟೀಯಂತೆ ಕುದಿಸಬೇಡಿ, ಸೋಸುವಾಗ ಚರಟವನ್ನು ಹಿಂಡಲೂಬೇಡಿ. ಎರಡರಿಂದಲೂ ಒಗರು ಹೆಚ್ಚುತ್ತದೆ. ಸೋಸಿದ್ದಕ್ಕೆ ಕುದಿಸಿ ಆರಿಸಿದ ನೀರು ಅರ್ಧ ಲೀಟರ್ ಸೇರಿಸಿ. ಪೂರ್ತಿ ತಣಿದ ಮೇಲೆ ಫ್ರಿಜ್ಜಿಗೆ. ಹಿತ್ತಲಿನ ಮಜ್ಜಿಗೆ ಹುಲ್ಲಿನ ಎರಡು ಎಸಳನ್ನೋ, ಜಜ್ಜಿದ ಒಂದು ಏಲಕ್ಕಿಯನ್ನೋ ಸೊಪ್ಪಿನ ಜೊತೆ ಹಾಕಿದರೆ, ಸಕ್ಕರೆ ಇಲ್ಲದೆ ಕುಡಿಯುವವರಿಗೂ ಪರಿಮಳಕ್ಕೆ ಕೊರತೆಯಾಗದು. ನಿಂಬೆರಸ ಕುಡಿಯುವ ಹೊತ್ತಿಗೆ ಹಿಂಡಿದರಾಯಿತು.

ಮಕ್ಕಳೇ, ಇಲ್ಲಿ ನಿಮಗೆರಡು ತಮಾಷೆ ಇವೆ. ಫ್ರಿಜ್ಜಿನಿಂದ ತೆಗೆದ ಟೀ ಕೆಲವೊಮ್ಮೆ ಮಬ್ಬಾಗಿರುತ್ತದೆ. ಕೆಟ್ಟಿತೆಂದು ಚೆಲ್ಲಬೇಡಿ. ಟೀಯಲ್ಲಿರುವ ಕೆಫೀನು, ಒಗರಿನ ಅಂಶಗಳ ಜೊತೆ ಸೇರಿ ತಂಪಿನಲ್ಲಿ ಸಣ್ಣ ಸಣ್ಣ ಕಣಗಳಾಗುತ್ತದೆ, ಅಷ್ಟೆ. ಸ್ವಲ್ಪ ಬಿಸಿನೀರು ಬೆರೆಸಿ ನೋಡಿ, ಮಬ್ಬು ತಿಳಿಯಾಗುತ್ತದೆ. ಎರಡನೆಯದು, ನಿಂಬೆರಸ ಬಿದ್ದೊಡನೆ ಟೀ ಬಣ್ಣ ತೆಳುವಾಗುವುದು. ನೀರು ಬೆರೆತದ್ದರಿಂದಲ್ಲ, ಹುಳಿ ತಾಗಿದಾಗ ಟೀಯ ಬಣ್ಣದ ಅಂಶಗಳೇ ತಿಳಿಯಾಗುತ್ತವೆ.

ಈಗ ಲೆಕ್ಕ. ಜಗ್ಗಿನ ಪಕ್ಕದಲ್ಲಿ ಪಾಕದ ಬಾಟಲಿ, ಒಂದು ಟೀ ಚಮಚ ಇಡಿ. ಮೊಮ್ಮಗಳು ಮೂರು ಚಮಚ ಹಾಕಿಕೊಂಡರೆ 9 ಗ್ರಾಂ. ನಾನು ಒಂದು ಚಮಚ, 3 ಗ್ರಾಂ. ಅಜ್ಜಿಯ ಖಾತೆಯಲ್ಲಿ ಸೊನ್ನೆ, ಆದರೆ ಟೀ ಅದೇ ಜಗ್ಗಿನದು, ಕೂರುವುದು ಅದೇ ಜಗಲಿಯಲ್ಲಿ. ಅಂಗಡಿಯ ಎಷ್ಟೋ ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ 10 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಚೀಟಿ ಓದಿ ನೋಡಿ. 250 ಮಿಲಿಲೀಟರಿನ ಬಾಟಲಿ ಎಂದರೆ 25 ಗ್ರಾಂ. ದೊಡ್ಡವರಿಗೂ ದಿನವಿಡೀ ಸೇರಿ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ. ಒಂದು ಬಾಟಲಿಗೇ ದಿನದ ಬಜೆಟ್ ಮುಗಿಯಿತಲ್ಲ!

ತಾಯಂದಿರಿಗೆ ಮೂರು ಮಾತು. ಐಸ್‌ಗೂ ಕುದಿಸಿ ಆರಿಸಿದ ನೀರನ್ನೇ ಬಳಸಿ. ಹೆಪ್ಪುಗಟ್ಟಿದ ಮಾತ್ರಕ್ಕೆ ನೀರಿನ ರೋಗಾಣುಗಳು ಸಾಯುವುದಿಲ್ಲ. ಊಟದ ಜೊತೆ ಟೀ ಬೇಡ. ಆಹಾರದ ಕಬ್ಬಿಣಾಂಶ ಮೈಗೆ ಹತ್ತಲು ಅದು ಅಡ್ಡಿ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಟೀ ಕಾಫಿ ಬಿಡಿ ಎಂದು ನಮ್ಮ ಐಸಿಎಂಆರ್ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಶಾಲೆಗೆ ಹೋಗುವ ಮಕ್ಕಳಿಗೆ ಅಪರೂಪಕ್ಕೆ, ಹಗಲು ಹೊತ್ತು, ಸಣ್ಣ ಲೋಟ ಒಂದು ಸಾಕು. ತೀರಾ ಚಿಕ್ಕವರಿಗೆ ಟೀ ಬೇಡ, ಪಾನಕ ಇದ್ದೇ ಇದೆಯಲ್ಲ. ಮಾಡಿದ ಟೀಯನ್ನು ಎರಡನೆಯ ದಿನಕ್ಕೆ ಮುಗಿಸಿಬಿಡಿ.

ಮಕ್ಕಳೇ, ಈ ರಜೆಗೆ ನಿಮಗೊಂದು ಕೆಲಸ. ಹಳೆಯ ನೋಟ್‌ಬುಕ್ಕಿನಲ್ಲಿ ಮನೆಯವರೆಲ್ಲರ ಹೆಸರು ಬರೆದು ಗೆರೆ ಎಳೆಯಿರಿ. ಯಾರು ಎಷ್ಟು ಚಮಚ ಪಾಕ ಹಾಕಿಕೊಂಡರು ಎಂದು ಒಂದು ವಾರ ಬರೆಯಿರಿ, ಮೂರರಿಂದ ಗುಣಿಸಿ ಗ್ರಾಂ ಮಾಡಿ. ಯಾರನ್ನೂ ಬೈಯಬೇಡಿ, ಪುಸ್ತಕ ತೋರಿಸಿ ಸಾಕು. ಮುಂದಿನ ವಾರ ಯಾರ ಚಮಚ ಇಳಿಯಿತು ನೋಡಿ. ನಮ್ಮ ಮನೆಯ ಪುಸ್ತಕ ಮೊಮ್ಮಗಳ ಕೈಯಲ್ಲಿದೆ. ನನ್ನ ಹೆಸರಿನ ಮುಂದೆ ಒಂದೂವರೆ ಎಂದು ಬರೆಯುವಷ್ಟು ಕಟ್ಟುನಿಟ್ಟು ಆಕೆಯದು.