ಹೇಳದೆ ಉಳಿದ ಕರ್ತೃ

ವಾಕ್ಯದಲ್ಲಿ ಇಲ್ಲದ ಪದಕ್ಕೂ ಅದರ ಅರ್ಥದಲ್ಲಿ ಪಾಲಿರುತ್ತದೆ. ಹೀಗೆ ಹೊರಗಿನಿಂದ ತಂದುಕೊಳ್ಳುವುದನ್ನು ನಮ್ಮ ಶಾಸ್ತ್ರಕಾರರು ಅಧ್ಯಾಹಾರವೆಂದರು. ‘ಬಾಗಿಲು’ ಎಂದಷ್ಟೇ ಕೇಳಿದವನು ಸಂದರ್ಭವರಿತು ‘ಮುಚ್ಚು’ ಎಂಬುದನ್ನು ತಾನೇ ತುಂಬಿಕೊಳ್ಳುತ್ತಾನೆ. ತುಂಬುವುದು ಪದವನ್ನು ಎಂದು ಭಾಟ್ಟ ಮೀಮಾಂಸಕರೂ, ಅರ್ಥವನ್ನು ಎಂದು ಪ್ರಾಭಾಕರರೂ ವಾದಿಸಿದರು. ಹಳೆಯ ಪಠ್ಯಗಳ ವಾಕ್ಯಗಳಿಗೆ ಗಣಕಕ್ಕಾಗಿ ಅರ್ಥಸೂಚಿಗಳನ್ನು ಜೋಡಿಸುವವರಿಗೆ ಈ ವಾದ ಇಂದಿಗೂ ಮುಗಿದಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಅಂದು ಇವೆಲ್ಲ ಕೋಲಾರ ಜಿಲ್ಲೆಯಲ್ಲಿದ್ದವು. ವೀರಗಲ್ಲುಗಳ ವಾಕ್ಯರಚನೆ ಮಿತವಾದುದು. ಅದರ ಧಾಟಿಯನ್ನು ಹೊಸಗನ್ನಡದಲ್ಲಿ ಹೀಗೆ ಕಲ್ಪಿಸಿಕೊಳ್ಳಬಹುದು: ‘ತುರುಗಳನ್ನು ಒಯ್ಯುವಾಗ ಕಾದಿ ಸತ್ತನು, ಕಲ್ನಾಡು ಕೊಟ್ಟರು.’

ಇಲ್ಲಿನ ಬಿಡುವುಗಳು ಒಂದೇ ಬಗೆಯವಲ್ಲ. ಸತ್ತವನು ಒಬ್ಬ ಪುರುಷನೆಂಬುದನ್ನು ‘ಸತ್ತನು’ ಎಂಬ ಕ್ರಿಯಾಪದದ ಪ್ರತ್ಯಯವೇ ಹೇಳುತ್ತದೆ. ಸತ್ತವನು ಭೂಮಿಯನ್ನು ಪಡೆಯಲಾರನಾದ್ದರಿಂದ ಅದು ಅವನ ಮನೆಯವರಿಗೆ ಸಂದಿತೆಂಬುದು ಯೋಗ್ಯತೆಯಿಂದ ಬರುವ ಊಹೆ. ಕೊಟ್ಟವರು ಯಾರು? ‘ಕೊಟ್ಟರು’ ಎಂಬುದು ಬಹುವಚನವೂ ಆಗಬಹುದು, ಗೌರವವಾಚಿಯೂ ಆಗಬಹುದು. ಊರವರೋ ಒಡೆಯನೋ ಎಂಬುದನ್ನು ಈ ವಾಕ್ಯ ತೀರ್ಮಾನಿಸಿಲ್ಲ.

ಇಲ್ಲಿ ‘ಅರಸನು’ ಎಂಬ ಪದವನ್ನು ಸೇರಿಸಿದರೆ ವಾಕ್ಯವೇನೋ ಪೂರ್ಣವಾಗುತ್ತದೆ. ಆದರೆ ಮುಂದೆ ದಾನಿಗಳನ್ನು ಎಣಿಸುವ ಸಂಶೋಧಕನಿಗೆ ಗಣಕವು ಕಲ್ಲಿನಲ್ಲಿಲ್ಲದ ಅರಸನನ್ನು ಒಪ್ಪಿಸುತ್ತದೆ. ಊರವರ ದಾನವಿದ್ದರೆ ಅದು ಅರಮನೆಯ ಲೆಕ್ಕಕ್ಕೆ ಹೋಗುತ್ತದೆ. ಕಲ್ಲಿಗೆ ನಿಷ್ಠರಾಗಿ ಏನನ್ನೂ ಗುರುತಿಸಬಾರದೆಂಬ ವಾದವೂ ಉಂಟು. ಹಾಗೆ ಮಾಡಿದರೆ ಕೊಟ್ಟವರೊಬ್ಬರು ಇದ್ದರೆಂಬ ಸಂಗತಿಯೇ ಎಣಿಕೆಯಿಂದ ಜಾರುತ್ತದೆ.

ಜೆಕ್ ಭಾಷೆಯ ಪ್ರಾಗ್ ವಾಕ್ಯಕೋಶದ ಅರ್ಥಸ್ತರದಲ್ಲಿ ಲುಪ್ತವಾದುದಕ್ಕೆ ಪ್ರತ್ಯೇಕ ನೆಲೆಯೊಂದನ್ನು ಸೇರಿಸುತ್ತಾರೆ. ಪಾಣಿನೀಯ ಕಾರಕಗಳನ್ನು ಆಧರಿಸಿದ ಹಿಂದಿ ವಾಕ್ಯಕೋಶದಲ್ಲಿಯೂ ಶೂನ್ಯನೆಲೆಗಳುಂಟು. ನಮ್ಮ ಶಾಸನಗಳಿಗೆ ಪ್ರಾಭಾಕರರ ದಾರಿಯೇ ಲೇಸೆಂದು ನನ್ನ ಅಭಿಪ್ರಾಯ: ಕರ್ತೃವಿನ ಸ್ಥಾನವನ್ನು ಇಡಬೇಕು, ಪದವನ್ನು ಇಡಬಾರದು. ಆ ಸ್ಥಾನ ಪ್ರತ್ಯಯದಿಂದ ತಿಳಿದದ್ದೋ, ಸಂದರ್ಭದಿಂದ ಊಹಿಸಿದ್ದೋ, ಅನಿರ್ಣೀತವೋ ಎಂಬುದನ್ನು ಜೊತೆಗೇ ಬರೆಯಬೇಕು. ಒಡೆದ ಕಲ್ಲಿನಲ್ಲಿ ಅಳಿದ ಅಕ್ಷರಕ್ಕೂ, ಬರೆಯಿಸಿದವನೇ ಹೇಳದೆ ಬಿಟ್ಟ ಪದಕ್ಕೂ ಒಂದೇ ಗುರುತು ಸಲ್ಲದು: ಮೊದಲನೆಯದು ಕಾಲದ ಹಾನಿ, ಎರಡನೆಯದು ಭಾಷೆಯ ನಡೆ. ಇವೆರಡನ್ನೂ ಬೇರ್ಪಡಿಸಿ ಓದುವ ಅಭ್ಯಾಸ ಗಣಕಕ್ಕಿಂತ ಮೊದಲು ನಮ್ಮ ವಿದ್ಯಾರ್ಥಿಗಳಿಗೆ ಬರಬೇಕು.