ಮೋಟಾರು ಸೈಕಲ್ಲಿನ ಮುಂಗಾಲು

ಕುದುರೆಯ ವಯಸ್ಸನ್ನು ಹಲ್ಲು ನೋಡಿ ಹೇಳುವರು. ಯುದ್ಧಕಾಲದ ಮೋಟಾರು ಸೈಕಲ್ಲಿನ ವಯಸ್ಸನ್ನೂ ಕುಲವನ್ನೂ ತಿಳಿಯಬೇಕಾದರೆ ಅದರ ಮುಂಗಾಲನ್ನು ನೋಡಬೇಕು. ಟ್ಯಾಂಕಿನ ಹಸಿರು ಬಣ್ಣವನ್ನು ನಿನ್ನೆ ಬಳಿದಿರಬಹುದು. ಹೆಸರಿನ ಫಲಕವನ್ನು ಯಾರು ಬೇಕಾದರೂ ಅಂಟಿಸಬಹುದು. ಆದರೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಬಲ್ಲವನೊಡನೆ ಮಾತನಾಡುತ್ತದೆ. ಹಳೆಯ ಸೈನ್ಯದ ಗಾಡಿಗಳಿಗೆ ಇಂದು ಬಂದಿರುವ ಬೆಲೆಯನ್ನು ನೆನೆದರೆ ಈ ಅರಿವು ಬರಿಯ ಕುತೂಹಲದ ವಿಷಯವಲ್ಲ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಲಕ್ಷಗಟ್ಟಲೆ ಬಳಸಿದ ಬಿ.ಎಸ್.ಎ. ಎಂ 20, ನಾರ್ಟನ್ 16 ಎಚ್ ಮೊದಲಾದವುಗಳಿಗೆ ಇದ್ದುದು ಗರ್ಡರ್ ಫೋರ್ಕು. ಎರಡು ಕಾಲುಗಳೂ ಕೂಡಿ ಒಂದೇ ಗಟ್ಟಿ ಚೌಕಟ್ಟು. ಅದನ್ನು ಗಾಡಿಯ ಕೊರಳಿಗೆ ಮೇಲೊಂದು ಕೆಳಗೊಂದು ಗಿಡ್ಡ ಕೊಂಡಿಗಳಿಂದ ಜೋಡಿಸಿರುತ್ತದೆ. ನಟ್ಟನಡುವೆ ದಪ್ಪನೆಯ ಒಂದು ಸ್ಪ್ರಿಂಗು ಎದ್ದು ಕಾಣುತ್ತದೆ. ಗುಂಡಿಗೆ ಬಿದ್ದಾಗ ಇಡೀ ಚೌಕಟ್ಟೇ ಮೇಲೇಳುತ್ತದೆ. ಕುಪ್ಪಳಿಕೆಯನ್ನು ಅಡಗಿಸಲು ಎಣ್ಣೆಯ ಏರ್ಪಾಡಿಲ್ಲ. ಪಕ್ಕದ ಗುಬುಟನ್ನು ತಿರುಗಿಸಿ ಘರ್ಷಣೆಯ ತಟ್ಟೆಗಳನ್ನು ಬಿಗಿಗೊಳಿಸಬೇಕು, ಅಷ್ಟೆ.

ಅಮೆರಿಕದ ಹಾರ್ಲೆ ಡೇವಿಡ್‌ಸನ್ ಡಬ್ಲ್ಯು.ಎಲ್.ಎ.ಯದು ಬೇರೆಯ ಕ್ರಮ. ಪಕ್ಕದಿಂದ ನೋಡಿದರೆ ಒಂದರ ಮುಂದೊಂದು ಎರಡು ಜೊತೆ ಕಾಲುಗಳು ಕಾಣುತ್ತವೆ. ಹಿಂದಿನ ಜೊತೆ ಅಲುಗದು. ಮುಂದಿನದು ಮೇಲೆ ಕೆಳಗೆ ಆಡುತ್ತದೆ. ತಳದಲ್ಲಿ ಇವೆರಡನ್ನೂ ಕೂಡಿಸುವ ಗಿಡ್ಡ ಸನ್ನೆಯ ತುದಿಯಲ್ಲಿ ಚಕ್ರ, ತಲೆಯ ಬಳಿ ಸ್ಪ್ರಿಂಗುಗಳು. ಇದೇ ಸ್ಪ್ರಿಂಗರ್ ಫೋರ್ಕು.

ಮೂರನೆಯದು ಕೊಳವೆಯೊಳಗೆ ಕೊಳವೆ ಜಾರುವ ಟೆಲಿಸ್ಕೋಪಿಕ್ ಫೋರ್ಕು. ಎಣ್ಣೆಯಿಂದ ಕುಲುಕನ್ನು ತಡೆಯುವ ಇಂಥ ಫೋರ್ಕನ್ನು 1935ರಲ್ಲೇ ಜರ್ಮನಿಯ ಬಿ.ಎಂ.ಡಬ್ಲ್ಯು. ತನ್ನ ಆರ್ 12ಕ್ಕೆ ತೊಡಿಸಿತ್ತು. ಬ್ರಿಟನ್ನಿನ ಮ್ಯಾಚ್‌ಲೆಸ್ ಕಂಪನಿಯವರು 1941ರಲ್ಲಿ ಜಿ 3 ಎಲ್ ಮಾದರಿಗೆ ಅದನ್ನು ಅಳವಡಿಸಿದರು. ಶತ್ರುವಿನ ಮನೆಯ ಯುಕ್ತಿಯಾದರೇನು, ಕೆಲಸಕ್ಕೆ ಬಂದರೆ ಸಾಕು! ಮುಸುಕು ಹಾಕಿದ ದೀಪದ ಮಂದ ಬೆಳಕಿನಲ್ಲಿ, ಬಾಂಬು ಬಿದ್ದು ಕಿತ್ತುಹೋದ ರಸ್ತೆಯ ಮೇಲೆ ರಾತ್ರಿಯೆಲ್ಲ ಪತ್ರಗಳನ್ನು ಒಯ್ಯುತ್ತಿದ್ದ ಸವಾರನಿಗೆ ಫೋರ್ಕೆಂದರೆ ಅವನ ಮಣಿಕಟ್ಟು, ಒಮ್ಮೊಮ್ಮೆ ಅವನ ಪ್ರಾಣ. ಜಿ 3 ಎಲ್ ಆ ಸವಾರರ ಅಚ್ಚುಮೆಚ್ಚಿನದಾದುದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೆ ಹಿಂದಿನ ಜಿ 3ಕ್ಕೆ ಗರ್ಡರ್ ಇತ್ತು. ಎರಡನ್ನೂ ಬೇರ್ಪಡಿಸಲು ದೂರದಿಂದ ಒಂದು ನೋಟ ಸಾಕು. ಜರ್ಮನರ ಸೈಡ್‌ಕಾರ್ ಗಾಡಿಗಳಲ್ಲಿಯೂ ಹಾಗೆಯೇ: ಬಿ.ಎಂ.ಡಬ್ಲ್ಯು. ಆರ್ 75ಕ್ಕೆ ಟೆಲಿಸ್ಕೋಪಿಕ್, ಅದರ ಒಡಹುಟ್ಟಿನಂತೆ ತೋರುವ ತ್ಸುಂಡಾಪ್ ಕೆ.ಎಸ್. 750ಕ್ಕೆ ಉಕ್ಕಿನ ತಗಡನ್ನು ಒತ್ತಿ ಮಾಡಿದ ಗರ್ಡರ್.

ಎಲ್ಲಕ್ಕಿಂತ ವಿಚಿತ್ರವಾದುದು ರಾಯಲ್ ಎನ್‌ಫೀಲ್ಡಿನ ‘ಹಾರುವ ಚಿಗಟ’. ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಬಿಡುತ್ತಿದ್ದ, ಸುಮಾರು 59 ಕಿಲೋ ತೂಕದ ಈ 125 ಸಿ.ಸಿ. ಗಾಡಿಯ ಫೋರ್ಕಿನಲ್ಲಿ ಸ್ಪ್ರಿಂಗೇ ಇಲ್ಲ. ಆ ಕೆಲಸವನ್ನು ಮಾಡುವುದು ರಬ್ಬರಿನ ಪಟ್ಟಿಗಳು.

ಇನ್ನು ಕೊಳ್ಳುವವರ ಪಾಡು. ‘1942ರ ಎಂ 20, ಕಾರ್ಖಾನೆಯಿಂದ ಬಂದಂತೆಯೇ ಇದೆ’ ಎಂದು ಮಾರುವವನು ತೋರಿಸುವ ಗಾಡಿಗೆ ಟೆಲಿಸ್ಕೋಪಿಕ್ ಫೋರ್ಕಿದ್ದರೆ ಆ ಮಾತನ್ನು ನಂಬಲಾಗದು. ಎಂ 20ಕ್ಕೆ ಅದು ಬಂದುದು ಯುದ್ಧಾನಂತರ. ಹಾಗೆಂದು ಗಾಡಿಯೇ ನಕಲಿಯೆನ್ನುವುದೂ ಆತುರವಾದೀತು. ಯುದ್ಧ ಮುಗಿದ ಮೇಲೆ ಸೈನ್ಯದಿಂದ ಹೊರಬಿದ್ದ ಅನೇಕ ಗಾಡಿಗಳಿಗೆ ಅವುಗಳ ಒಡೆಯರು ಸುಖ ಸವಾರಿಗಾಗಿ ಹೊಸ ಫೋರ್ಕು ಹಾಕಿಸಿಕೊಂಡರು. ಗಾಡಿ ನಿಜವಿರಬಹುದು, ಹೇಳಿದ ಕತೆ ನಿಜವಲ್ಲ. ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿ ಕೇಳಬೇಕು.

ಗರ್ಡರೇ ಇದ್ದರೂ ಪರೀಕ್ಷೆ ಮುಗಿಯಲಿಲ್ಲ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಫೋರ್ಕಿನ ಕೆಳತುದಿಯನ್ನು ಹಿಡಿದು ಅತ್ತಿತ್ತ ಅಲುಗಿಸಬೇಕು. ಕೊಂಡಿಗಳ ಬಳಿ ಟಕಟಕ ಸದ್ದಾದರೆ, ಗ್ರೀಸು ಕಾಣದೆ ಅಲ್ಲಿನ ಕಡಾಣಿಗಳು ಸವೆದಿವೆಯೆಂದು ತಿಳಿಯಬೇಕು. ಅಂಥ ಗಾಡಿಯನ್ನು ದುರಸ್ತಿಯಾಗುವವರೆಗೆ ರಸ್ತೆಗೆ ತರಬಾರದು. ವೇಗ ಹೆಚ್ಚಿದೊಡನೆ ಅದರ ಹ್ಯಾಂಡಲು ಕೈಯಲ್ಲಿ ನಡುಗತೊಡಗುತ್ತದೆ.