ಬಾಹ್ಯಾಕಾಶದ ವೈದ್ಯಕೀಯ: ಕುಷ್ಟಗಿ, ಯಲಬುರ್ಗಾಗಳಿಗೆ ದಕ್ಕುವುದೇನು?

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದೆ. ಕುಷ್ಟಗಿಯಿಂದ ಬೆಂಗಳೂರಿಗೆ ಇರುವ ರಸ್ತೆಯ ದೂರವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕಡೆ ತಜ್ಞ ವೈದ್ಯರು ಕೂಗಳತೆಯಲ್ಲಿಲ್ಲ. ಆದರೆ ನಿಲ್ದಾಣದಲ್ಲಿರುವ ಏಳೆಂಟು ಮಂದಿಗೆ ತಲೆನೋವು ಬಂದರೂ ಭೂಮಿಯ ಮೇಲೆ ವೈದ್ಯರೊಬ್ಬರು ಉತ್ತರಿಸಲು ಸಿದ್ಧರಿರುತ್ತಾರೆ. ಕುಷ್ಟಗಿ ತಾಲ್ಲೂಕಿನ ಹಳ್ಳಿಯ ಬಾಣಂತಿಗೆ ಅಂಥ ಖಾತ್ರಿ ಇದೆಯೇ ಎಂಬುದು ಪ್ರಶ್ನೆ.

ಈ ಖಾತ್ರಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಪ್ರಕರಣವಿದೆ. 2020ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಅದನ್ನು ಪ್ರಕಟಿಸಿತು. ನಿಲ್ದಾಣದಲ್ಲಿ ಎರಡು ತಿಂಗಳು ಕಳೆದಿದ್ದ ಗಗನಯಾತ್ರಿಯೊಬ್ಬರ ಕುತ್ತಿಗೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನೋವಿರಲಿಲ್ಲ, ಲಕ್ಷಣವೂ ಇರಲಿಲ್ಲ. ಸಂಶೋಧನೆಗೆಂದು ಮಾಡಿಕೊಂಡ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಅದು ಕಂಡಿತು. ಯಂತ್ರದ ಕೈಪಿಡಿ ಹಿಡಿದಿದ್ದವರು ವೈದ್ಯರಲ್ಲ, ಸ್ವತಃ ಗಗನಯಾತ್ರಿ. ಚಿತ್ರ ನೋಡಿ ದಾರಿ ತೋರಿದವರು ಭೂಮಿಯ ಮೇಲಿನ ತಜ್ಞರು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ರಕ್ತರೋಗ ತಜ್ಞ ಡಾ. ಸ್ಟೀಫನ್ ಮೋಲ್ ಅವರ ಸಲಹೆಯಂತೆ, ನಿಲ್ದಾಣದ ಪೆಟ್ಟಿಗೆಯಲ್ಲಿದ್ದ ಚುಚ್ಚುಮದ್ದನ್ನೇ ಅಳೆದು ತೂಗಿ ಸುಮಾರು 40 ದಿನ ಬಳಸಲಾಯಿತು. ಅಷ್ಟರಲ್ಲಿ ಸರಕು ನೌಕೆಯಲ್ಲಿ ಮಾತ್ರೆಗಳು ಬಂದವು. ರೋಗಿ ಕ್ಷೇಮವಾಗಿ ಮರಳಿದರು.

ಇದರಲ್ಲಿ ಪವಾಡದಂಥ ಉಪಕರಣ ಯಾವುದೂ ಇಲ್ಲ. ಅಲ್ಟ್ರಾಸೌಂಡ್ ಯಂತ್ರ ಇಂದು ತಾಲ್ಲೂಕು ಕೇಂದ್ರಗಳಲ್ಲೂ ಇದೆ, ಹೆಪ್ಪುಗಟ್ಟುವುದನ್ನು ತಡೆಯುವ ಔಷಧ ದೊಡ್ಡ ಔಷಧದಂಗಡಿಗಳಲ್ಲೂ ಸಿಗುತ್ತದೆ. ಇದ್ದದ್ದು ಒಂದು ಏರ್ಪಾಡು: ತರಬೇತಿ ಪಡೆದ ಒಂದು ಕೈ, ಸರಿಯಾಗಿರುವ ಒಂದು ಯಂತ್ರ, ಕರೆದಾಗ ಉತ್ತರಿಸಲೇಬೇಕಾದ ಒಬ್ಬ ತಜ್ಞ.

ಬಾಹ್ಯಾಕಾಶ ಸಂಶೋಧನೆಯಿಂದ ಜನಸಾಮಾನ್ಯರಿಗೆ ಏನು ಬಂತು ಎಂದು ಕೇಳಿದಾಗ ಉಪಕರಣಗಳ ಉದ್ದ ಪಟ್ಟಿಯೊಂದು ಮುಂದೆ ಬರುತ್ತದೆ. ಅದರಲ್ಲಿ ಅರ್ಧದಷ್ಟು ಉತ್ಪ್ರೇಕ್ಷೆ. ವೆಲ್ಕ್ರೊ ನಾಸಾದ ಆವಿಷ್ಕಾರವೆಂದು ನಂಬಿದವರು ಇಂದಿಗೂ ಇದ್ದಾರೆ. ಅದು ಸ್ವಿಟ್ಜರ್ಲೆಂಡ್‌ನ ಎಂಜಿನಿಯರ್ ಒಬ್ಬರದ್ದು. ಪಟ್ಟಿಯ ಬದಲು ಏರ್ಪಾಡನ್ನು ನೋಡಿದರೆ ಕೊಪ್ಪಳ ಜಿಲ್ಲೆಗೆ ಅದರಿಂದ ಕಲಿಯುವುದು ಹೆಚ್ಚಿದೆ.

ದೂರದ ಲೆಕ್ಕ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳೊಂದಿಗೆ ಕೊಪ್ಪಳ ಜಿಲ್ಲೆ ಅಸ್ತಿತ್ವಕ್ಕೆ ಬಂತು. ಕನಕಗಿರಿ, ಕಾರಟಗಿ, ಕುಕನೂರು ಆಮೇಲಿನ ಸೇರ್ಪಡೆ. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 13.9 ಲಕ್ಷ. ಆದರೆ ಜಿಲ್ಲೆ ಒಂದೇ ಅಲ್ಲ, ಎರಡು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯಲ್ಲಿ ಭತ್ತವಿದೆ, ಅಕ್ಕಿ ಗಿರಣಿಗಳಿವೆ, ಹಣದ ಓಡಾಟವಿದೆ. ಹಾಗಾಗಿ ಖಾಸಗಿ ನರ್ಸಿಂಗ್ ಹೋಮುಗಳೂ ಇವೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಚಿತ್ರ ಬೇರೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ ಕೊಪ್ಪಳ ಜಿಲ್ಲೆಯಿಂದ ಪಟ್ಟಿ ಸೇರಿದ್ದು ಇವೆರಡೇ.

ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂತು, 2015ರಲ್ಲಿ ಜಿಲ್ಲಾ ಕೇಂದ್ರಕ್ಕೆ ವೈದ್ಯಕೀಯ ಕಾಲೇಜೂ ಬಂತು. ಇವು ಸಣ್ಣ ಮಾತಲ್ಲ. ಆದರೂ ತಾಲ್ಲೂಕು ಆಸ್ಪತ್ರೆಯಿಂದ ಕೊಪ್ಪಳಕ್ಕೆ, ಕೊಪ್ಪಳದಿಂದ ಹುಬ್ಬಳ್ಳಿಗೋ ಬಳ್ಳಾರಿಗೋ ರೋಗಿಯನ್ನು ಸಾಗಹಾಕುವ ಪರಿಪಾಠ ನಿಂತಿಲ್ಲ. 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಸೇವೆ ಪ್ರಯಾಣವನ್ನು ಸುಲಭಗೊಳಿಸಿತು, ಪ್ರಯಾಣದ ಅಗತ್ಯವನ್ನು ತಪ್ಪಿಸಲಿಲ್ಲ. ಬಾಹ್ಯಾಕಾಶ ವೈದ್ಯಕೀಯದ ಮೊದಲ ಪಾಠವೇ ಇಲ್ಲಿ ಬೇಕಾಗಿರುವುದು: ರೋಗಿಯನ್ನು ಕೆಳಗಿಳಿಸುವುದು ಕೊನೆಯ ಉಪಾಯ.

ಉಪಗ್ರಹ ಇತ್ತು, ಉತ್ತರಿಸುವವರು?

ಈ ಪಾಠವನ್ನು ನೆಲಕ್ಕೆ ತರುವ ಪ್ರಯತ್ನ ಹೊಸದೇನಲ್ಲ. 1970ರ ದಶಕದಲ್ಲಿ ನಾಸಾ ಅಮೆರಿಕದ ಅರಿಜೋನಾದಲ್ಲಿ, ಪಪಾಗೊ ಎಂದು ಆಗ ಕರೆಯಲಾಗುತ್ತಿದ್ದ ಮೂಲನಿವಾಸಿಗಳ ಮರುಭೂಮಿ ಪ್ರದೇಶದಲ್ಲಿ ಇಂಥದ್ದೊಂದು ಯೋಜನೆ ನಡೆಸಿತು. ವೈದ್ಯರಿಲ್ಲದ ಸಂಚಾರಿ ವಾಹನದಲ್ಲಿ ವೈದ್ಯಕೀಯ ಸಹಾಯಕರು ಹಳ್ಳಿ ಹಳ್ಳಿಗೆ ಹೋಗುತ್ತಿದ್ದರು. ದೂರದ ಆಸ್ಪತ್ರೆಯ ವೈದ್ಯರು ಪರದೆಯ ಮೇಲೆ ರೋಗಿಯನ್ನು ನೋಡುತ್ತಿದ್ದರು. ಗಗನಯಾತ್ರಿಗಳಿಗಾಗಿ ರೂಪಿಸಿದ ವಿಧಾನವನ್ನು ಮರುಭೂಮಿಯ ಬಡವರ ಮೇಲೆ ಪರೀಕ್ಷಿಸಿದ್ದು ಎಂದು ಇದನ್ನು ಟೀಕಿಸಬಹುದು. ಆದರೂ ಟೆಲಿಮೆಡಿಸಿನ್‌ನ ಚರಿತ್ರೆ ಈ ಯೋಜನೆಯನ್ನು ಬಿಟ್ಟು ಪೂರ್ಣವಾಗದು.

ಭಾರತದಲ್ಲಿ ಇಸ್ರೊ 2001ರಲ್ಲಿ ಟೆಲಿಮೆಡಿಸಿನ್‌ನ ಪ್ರಾಯೋಗಿಕ ಯೋಜನೆ ಕೈಗೆತ್ತಿಕೊಂಡಿತು. ಮರುವರ್ಷ ಕರ್ನಾಟಕದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆ ಹಾಗೂ ಆಗ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಇನ್ಸಾಟ್ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಬೆಸೆದುಕೊಂಡವು. ಕಾಡಂಚಿನ ಊರಿನ ಇಸಿಜಿ ರಾಜಧಾನಿಯ ಪರದೆಯ ಮೇಲೆ ಮೂಡಿದ್ದು ಆ ದಿನಗಳಲ್ಲಿ ದೊಡ್ಡ ಸುದ್ದಿ.

ಅಂದಿನ ಉತ್ಸಾಹ ಎಲ್ಲೆಡೆ ಉಳಿಯಲಿಲ್ಲ. ದೇಶದ ಹಲವು ಕೇಂದ್ರಗಳಲ್ಲಿ ಛಾವಣಿಯ ಮೇಲಿನ ತಟ್ಟೆ ಉಳಿಯಿತು, ಸಮಾಲೋಚನೆ ನಿಂತಿತು. ಉಪಗ್ರಹ ಕೈಕೊಟ್ಟದ್ದರಿಂದಲ್ಲ. ಯಂತ್ರ ನಡೆಸಬೇಕಾದ ಸಿಬ್ಬಂದಿಗೆ ಅದು ಹೆಚ್ಚುವರಿ ಕೆಲಸವಾಯಿತು. ನಗರದ ತಜ್ಞರಿಗೆ ಅದು ಬಿಡುವಿದ್ದಾಗ ಮಾಡುವ ಉಪಕಾರವಾಯಿತು. ಅಷ್ಟರಲ್ಲಿ ಮೊಬೈಲ್ ಜಾಲವೂ ಬಂದು, ಉಪಗ್ರಹದ ಅಗತ್ಯವೇ ಬಹುಪಾಲು ಇಲ್ಲವಾಯಿತು. ಸಂಪರ್ಕ ಅಗ್ಗವಾದಂತೆ ನಿಜವಾದ ಕೊರತೆ ಯಾವುದು ಎಂಬುದು ಬಯಲಾಯಿತು.

ಕೂಸಿನ ಕಣ್ಣು, ರೈತನ ಹೃದಯ

ಏರ್ಪಾಡು ಗಟ್ಟಿಯಾಗಿದ್ದಲ್ಲಿ ಫಲ ಬೇರೆಯೇ ಆಗಿದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಕಾಯಿಲೆಯೊಂದಿದೆ. ಹುಟ್ಟಿದ 30 ದಿನಗಳೊಳಗೆ ಪರೀಕ್ಷಿಸಿ, ಅಗತ್ಯವಿದ್ದರೆ ಲೇಸರ್ ಚಿಕಿತ್ಸೆ ಮಾಡದಿದ್ದರೆ ಕೆಲವು ಮಕ್ಕಳು ಶಾಶ್ವತವಾಗಿ ಕುರುಡಾಗುತ್ತಾರೆ. ಈ ಪರೀಕ್ಷೆ ಬಲ್ಲ ನೇತ್ರತಜ್ಞರು ದೇಶದಲ್ಲೇ ವಿರಳ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಎಂಬ ಯೋಜನೆ ಆರಂಭಿಸಿತು. ತಜ್ಞರು ಹಳ್ಳಿಗೆ ಹೋಗಲಿಲ್ಲ. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋದರು. ಚಿತ್ರಗಳು ಬೆಂಗಳೂರಿಗೆ ಹೋದವು, ವರದಿ ಡಾ. ಆನಂದ್ ವಿನೇಕರ್ ಅವರ ತಂಡದಿಂದ ಮೊಬೈಲ್ ಫೋನಿಗೇ ಮರಳಿತು. ಮುಂದೆ ಸರ್ಕಾರದ ಸಹಭಾಗಿತ್ವದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಅದು ವಿಸ್ತರಿಸಿತು.

ಇದು ಬಾಹ್ಯಾಕಾಶದಿಂದ ಇಳಿದು ಬಂದ ಯೋಜನೆಯಲ್ಲ. ಆದರೆ ನಿಲ್ದಾಣದಲ್ಲಿ ಗಗನಯಾತ್ರಿಗಳೂ ತಮ್ಮ ಅಕ್ಷಿಪಟಲದ ಚಿತ್ರವನ್ನು ತಾವೇ ತೆಗೆದು ಭೂಮಿಗೆ ಕಳುಹಿಸುತ್ತಾರೆ. ತೂಕರಹಿತ ಸ್ಥಿತಿಯಲ್ಲಿ ಕಣ್ಣಿನ ನರ ಊದಿಕೊಳ್ಳುವುದುಂಟು. ಎರಡರ ತರ್ಕ ಒಂದೇ. ಚಿತ್ರ ತೆಗೆಯಲು ತಜ್ಞ ಬೇಕಿಲ್ಲ, ಓದಲು ಬೇಕು.

2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೇ ದಾರಿಯದು. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ಕೆಲವೇ ನಿಮಿಷಗಳಲ್ಲಿ ಜಯದೇವದಂಥ ಹೃದ್ರೋಗ ಕೇಂದ್ರದ ತಜ್ಞರ ಕಣ್ಣಿಗೆ ಬೀಳುತ್ತದೆ. ಹೃದಯಾಘಾತ ಖಚಿತವಾದರೆ, ಮಾರುಕಟ್ಟೆಯಲ್ಲಿ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ನೀಡಲಾಗುತ್ತದೆ. ಯಾತ್ರಿಯ ಹೃದಯ ಬಡಿತವನ್ನು ದೂರದಿಂದ ಓದುವ ವಿದ್ಯೆ 1961ರಲ್ಲಿ ಯೂರಿ ಗಗಾರಿನ್ ಹಾರಿದಾಗಲೇ ಇತ್ತು. ಹೊಸದು ಯಾವುದೆಂದರೆ, ಓದಿದವರು ಹೇಳಿದ ಔಷಧ ಅಲ್ಲಿಯ ಕಪಾಟಿನಲ್ಲಿ ಇರುವುದು.

ಎಲ್ಲವನ್ನೂ ಹೀಗೆ ಇಳಿಸಿಕೊಳ್ಳಲಾಗದು ಎಂಬುದಕ್ಕೂ ಉದಾಹರಣೆ ಇದೆ. ವೈದ್ಯರಲ್ಲದವರಿಂದ ಅಲ್ಟ್ರಾಸೌಂಡ್ ಮಾಡಿಸುವ ವಿಧಾನವನ್ನು ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಡಾ. ಸ್ಕಾಟ್ ಡುಲ್ಚಾವ್‌ಸ್ಕಿ ಮತ್ತು ಸಂಗಡಿಗರು ನಿಲ್ದಾಣಕ್ಕಾಗಿ ರೂಪಿಸಿದರು. ಹೆರಿಗೆಯ ತೊಡಕನ್ನು ಮೊದಲೇ ಅರಿಯಲು ಯಲಬುರ್ಗಾದ ಹಳ್ಳಿಗಳಿಗೆ ಅದು ಬಲು ಉಪಯುಕ್ತ. ಆದರೆ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಯಂತ್ರಕ್ಕೂ ಅದನ್ನು ಬಳಸುವವರಿಗೂ ನೋಂದಣಿ ಕಡ್ಡಾಯ. ಕೈಯಲ್ಲಿ ಒಯ್ಯುವ ಯಂತ್ರಗಳ ಮೇಲಂತೂ 2012ರಿಂದ ಬಿಗಿ ನಿಯಮವಿದೆ. ಹೆಣ್ಣು ಭ್ರೂಣದ ಹತ್ಯೆ ನಡೆದ ನಾಡಿನಲ್ಲಿ ಆ ಬಿಗಿಗೆ ಕಾರಣವಿದೆ, ಅದನ್ನು ಸಡಿಲಿಸಿ ಎನ್ನುವುದು ದುಡುಕು. ಅನುಮತಿ ಪಡೆದ ಸಂಚಾರಿ ಆರೋಗ್ಯ ಘಟಕದಲ್ಲಿ ಅರ್ಹ ವೈದ್ಯರನ್ನೇ ಇಟ್ಟು ಹಳ್ಳಿಗೆ ಕಳುಹಿಸುವುದು ದುಬಾರಿಯಾದರೂ ಸದ್ಯಕ್ಕೆ ಇರುವ ದಾರಿ ಅದೇ.

ಎಲುಬು, ನೀರು ಮತ್ತು ದೂಳು

ತೂಕವಿಲ್ಲದ ಲೋಕದಲ್ಲಿ ಗಗನಯಾತ್ರಿಯ ಸೊಂಟ, ತೊಡೆಗಳ ಎಲುಬು ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯುತ್ತದೆ. ಕುಷ್ಟಗಿ, ಯಲಬುರ್ಗಾಗಳ ಕೊಳವೆಬಾವಿ ನೀರು ಕುಡಿದವರಲ್ಲಿ ನಡೆಯುವುದು ಇದರ ತಿರುವುಮುರುವು. ಈ ಭಾಗದ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲು ಕಂದುಗಟ್ಟುತ್ತದೆ, ವರ್ಷಗಳು ಕಳೆದಂತೆ ಎಲುಬು, ಕೀಲುಗಳು ಪೆಡಸಾಗಿ ಬೆನ್ನು ಬಾಗುತ್ತದೆ. ಎಲುಬಿನ ಸವೆತಕ್ಕೆ ನಿಲ್ದಾಣದಲ್ಲಿ ವ್ಯಾಯಾಮ ಮತ್ತು ಔಷಧ ಎರಡೂ ಪರೀಕ್ಷೆಗೊಂಡಿವೆ. ಅದರ ಲಾಭ ಮುಪ್ಪಿನ ಎಲುಬು ಸವೆತದ ರೋಗಿಗಳಿಗೆ ಸಿಗುವುದುಂಟು. ಫ್ಲೋರೋಸಿಸ್‌ಗೆ ಮಾತ್ರ ಅಂಥ ಮದ್ದಿಲ್ಲ. ನೀರೇ ಮದ್ದು.

ನೀರಿನ ವಿಷಯದಲ್ಲೂ ನಿಲ್ದಾಣ ಹೇಳುವುದು ಯಂತ್ರದ ಕಥೆಯನ್ನಲ್ಲ. ಅಲ್ಲಿ ಬೆವರು, ಮೂತ್ರ, ಉಸಿರಿನ ತೇವವನ್ನೆಲ್ಲ ಶುದ್ಧೀಕರಿಸಿ ಮತ್ತೆ ಕುಡಿಯುತ್ತಾರೆ. 2023ರಲ್ಲಿ ಈ ಮರುಬಳಕೆ ಶೇ 98ಕ್ಕೆ ತಲುಪಿತು. ಆ ಯಂತ್ರ ಹಲವು ಸಲ ಕೆಟ್ಟಿದೆ. ಕೆಟ್ಟಾಗ ರಿಪೇರಿ ಯಾರು ಮಾಡಬೇಕೆಂಬುದು ಮೊದಲೇ ನಿಗದಿಯಾಗಿತ್ತು. ರಾಜ್ಯದ ಹಳ್ಳಿಗಳಲ್ಲಿ ಬಾಗಿಲು ಹಾಕಿಕೊಂಡು ನಿಂತಿರುವ ಶುದ್ಧ ನೀರಿನ ಘಟಕಗಳನ್ನು ಕಂಡವರಿಗೆ ವ್ಯತ್ಯಾಸವನ್ನು ವಿವರಿಸಬೇಕಿಲ್ಲ. ಕೃಷ್ಣಾ ನದಿಯಿಂದ ಈ ತಾಲ್ಲೂಕುಗಳಿಗೆ ನೀರು ತರುವ ಬಹುಗ್ರಾಮ ಯೋಜನೆಯ ಅಳತೆಗೋಲೂ ಇದೇ: ಕೊಳವೆ ಎಷ್ಟು ಉದ್ದ ಹಾಕಲಾಯಿತು ಎಂಬುದಲ್ಲ, ನಲ್ಲಿಯಲ್ಲಿ ಬಂದ ನೀರನ್ನು ಪರೀಕ್ಷಿಸಿದವರು ಯಾರು, ಯಾವಾಗ ಎಂಬುದು.

ಕೊಪ್ಪಳ ತಾಲ್ಲೂಕಿನ ಚಿಂತೆ ಗಾಳಿಯದು. ಕಬ್ಬಿಣ, ಉಕ್ಕಿನ ಕಾರ್ಖಾನೆಗಳ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರವರಿಯಲ್ಲಿ ಕೊಪ್ಪಳ ಬಂದ್ ನಡೆಯಿತು. ದೂಳು ಎಷ್ಟಿದೆ ಎಂಬ ವಾದ ಎಂದಿಗೂ ಮುಗಿಯದು. ಶ್ವಾಸಕೋಶ ಏನು ಹೇಳುತ್ತದೆ ಎಂದು ಕೇಳುವುದು ಮೇಲು. ಉಸಿರಿನಲ್ಲಿ ಹೊರಬರುವ ನೈಟ್ರಿಕ್ ಆಕ್ಸೈಡನ್ನು ಅಳೆದು ಶ್ವಾಸನಾಳದ ಉರಿಯೂತವನ್ನು ಗುರುತಿಸುವ ವಿಧಾನವನ್ನು ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು ಬಾಹ್ಯಾಕಾಶ ನಿಲ್ದಾಣದಲ್ಲೂ ಪರೀಕ್ಷಿಸಿದ್ದಾರೆ. ಚಂದ್ರನ ದೂಳು ಮುಂದಿನ ಯಾತ್ರಿಗಳಿಗೆ ಅಪಾಯವೆಂಬುದು ಅವರ ಆತಂಕ. ಆಸ್ತಮಾ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿರುವ ಸಣ್ಣ ಯಂತ್ರವಿದು. ಕಾರ್ಖಾನೆಗಳ ಸುತ್ತಲಿನ ಶಾಲಾ ಮಕ್ಕಳ ಉಸಿರನ್ನು ವರ್ಷಕ್ಕೊಮ್ಮೆ ಅಳೆಯುವುದು ಕೊಪ್ಪಳದ ವೈದ್ಯಕೀಯ ಕಾಲೇಜಿಗೆ ಭಾರವಾಗದು.

ಇತ್ತ ನಮ್ಮದೇ ಗಗನಯಾತ್ರೆಯೂ ಹತ್ತಿರವಾಗುತ್ತಿದೆ. 2025ರ ಜೂನ್ 25ರಂದು ಹಾರಿ ಜುಲೈ 15ರಂದು ಮರಳಿದ ಶುಭಾಂಶು ಶುಕ್ಲಾ ಅವರು ನಿಲ್ದಾಣದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯದ ಮೊಳಕೆಗಳಿದ್ದವು. ಸ್ನಾಯು ಕ್ಷೀಣಿಸುವುದನ್ನು ಕುರಿತ ಬೆಂಗಳೂರಿನ ‘ಇನ್‌ಸ್ಟೆಮ್’ ಸಂಸ್ಥೆಯ ಅಧ್ಯಯನವೂ ಇತ್ತು. ಹಾಸಿಗೆ ಹಿಡಿದ ವೃದ್ಧರ ಸ್ನಾಯು ಸೊರಗುವ ಬಗೆಯನ್ನು ಅರಿಯಲು ಅದು ನೆರವಾಗಬಹುದು, ಫಲ ಕಾಣಲು ವರ್ಷಗಳು ಬೇಕು. ಯಾತ್ರಿಗಳನ್ನು ಪರೀಕ್ಷಿಸುವ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ 1957ರಿಂದ ಬೆಂಗಳೂರಿನಲ್ಲೇ ಇದೆ.

ವರ್ಷಗಳು ಕಾಯದೆ ಮಾಡಬಹುದಾದ ಕೆಲಸ ಸರ್ಕಾರದ ಕೈಯಲ್ಲೇ ಇದೆ. ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ಶುಶ್ರೂಷೆಯಲ್ಲಿ ಪದವಿ ಪಡೆದ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. 2019ರಲ್ಲಿ ಆರಂಭವಾದ ‘ಇ-ಸಂಜೀವಿನಿ’ಯ ಮೂಲಕ ಅವರು ವೈದ್ಯರೊಂದಿಗೆ ಮಾತನಾಡಬಲ್ಲರು. ತರಬೇತಿ ಪಡೆದ ಕೈ ಇದೆ, ತಂತಿ ಇದೆ. ನಿಲ್ದಾಣಕ್ಕೆ ಇರುವಂತೆ ಆ ತುದಿಯಲ್ಲಿ ಪಾಳಿಯ ಮೇಲೆ ಕೂರುವವರ ಪಟ್ಟಿಯೊಂದು ಬೇಕು. ಪ್ರಸೂತಿ, ಮಕ್ಕಳು, ಹೃದಯ ಎಂಬ ಮೂರು ವಿಭಾಗಗಳಿಗೆ, ದಿನದ 24 ಗಂಟೆಗೆ, ಹೆಸರು ಮತ್ತು ದೂರವಾಣಿ ಸಂಖ್ಯೆ ಸಹಿತ. ಅದನ್ನು ಕೊಪ್ಪಳದ ವೈದ್ಯಕೀಯ ಕಾಲೇಜು ಸಿದ್ಧಪಡಿಸಿ, ಪ್ರತಿ ಕರೆಗೆ ಎಷ್ಟು ನಿಮಿಷದಲ್ಲಿ ಉತ್ತರ ಸಿಕ್ಕಿತು ಎಂಬುದನ್ನು ತಿಂಗಳಿಗೊಮ್ಮೆ ಜಿಲ್ಲಾ ಪಂಚಾಯಿತಿಯ ಮುಂದಿಟ್ಟರೆ, ರಾತ್ರಿ ಎರಡು ಗಂಟೆಗೆ ಯಲಬುರ್ಗಾದಿಂದ ಹೋದ ಕರೆಯನ್ನು ಯಾರು ಎತ್ತಿಕೊಂಡರು ಎಂಬುದು ಅಲ್ಲೇ ಗೊತ್ತಾಗುತ್ತದೆ.